ಒಂದು ಸೌಟು ಸಾರು, ಒಂದು ಕಟ್ಟು ಕಾಗದ: ಮನೆಯ ಕಸ ಬೇರ್ಪಡಿಸುವುದು ಹೇಗೆ?

ಓದಿ ಮುಗಿಸಿದ ಒಂದು ಕಟ್ಟು ದಿನಪತ್ರಿಕೆಗೆ ಗುಜರಿಯಲ್ಲಿ ಬೆಲೆ ಇದೆ. ಅದರ ಮೇಲೆ ನಿನ್ನೆಯ ಸಾರು ಒಂದು ಸೌಟು ಚೆಲ್ಲಿದರೆ ಅದೇ ಕಟ್ಟಿಗೆ ಬೆಲೆಯಿಲ್ಲ. ಎಣ್ಣೆ, ಅನ್ನದ ಅಗುಳು ಅಂಟಿಕೊಂಡ ಕಾಗದವನ್ನು ಯಾವ ಕಾರ್ಖಾನೆಯೂ ಕೊಳ್ಳುವುದಿಲ್ಲ. ಆ ಸೌಟು ಸಾರಿನ ನಷ್ಟ ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಅದು ಬೆಳಗಿನ ಜಾವ ಚೀಲ ಹೆಗಲಿಗೇರಿಸಿಕೊಂಡು ಕಸ ಆಯಲು ಹೊರಟವರ ಆ ದಿನದ ದುಡಿಮೆಯಲ್ಲಿ ಕಡಿತವಾಗುತ್ತದೆ. ಕಸ ಬೇರ್ಪಡಿಸಿ ಎನ್ನುವುದನ್ನು ಊರು ಚೆನ್ನಾಗಿ ಕಾಣಲಿ ಎಂಬ ಮಾತಾಗಿ ನಾವು ಕೇಳುತ್ತಾ ಬಂದಿದ್ದೇವೆ. ನನಗೆ ಅದು ಮೊದಲು ಕೂಲಿಯ ಮಾತು, ಆಮೇಲೆ ಸ್ವಚ್ಛತೆಯ ಮಾತು.

ಇನ್ನೊಂದು ನಷ್ಟ ಊರಾಚೆಯವರದು. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಾವಳ್ಳಿಪುರದ ಜನ ಪ್ರತಿಭಟಿಸಿ 2012ರಲ್ಲಿ ಲಾರಿಗಳನ್ನು ನಿಲ್ಲಿಸಿದರು. ಆಗ ಭಾರ ಮಂಡೂರಿನ ಮೇಲೆ ಬಿತ್ತು. 2014ರ ಕೊನೆಗೆ ಅಲ್ಲಿಯೂ ಬಾಗಿಲು ಮುಚ್ಚಿತು. ಮಂಗಳೂರಿನಲ್ಲಿ 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡವೇ ಜರಿದು ಕೆಳಗಿನ ಮಂದಾರ ಎಂಬ ಊರಿನ ಮನೆ, ಅಡಿಕೆ ತೋಟ, ತೆಂಗಿನ ತೋಟಗಳ ಮೇಲೆ ಹರಿಯಿತು. ಈ ಮೂರೂ ಕಡೆ ಗುಡ್ಡ ಕಟ್ಟಿದ್ದು ಕಾರ್ಖಾನೆಯ ವಿಷವಲ್ಲ, ಬಹುಪಾಲು ಮನೆಮನೆಯ ಕಸ. ಹಸಿ ಕಸ ಪ್ಲಾಸ್ಟಿಕ್ಕಿನ ಜತೆ ಬೆರೆತು ಗಾಳಿಯಿಲ್ಲದ ರಾಶಿಯೊಳಗೆ ಹೂತುಹೋದಾಗ ಮೀಥೇನ್ ಅನಿಲ ಹುಟ್ಟುತ್ತದೆ. ಕಪ್ಪು ರಸ ಸೋರಿ ಬಾವಿಗೆ ಇಳಿಯುತ್ತದೆ. ನಮ್ಮ ನಗರಗಳ ಮನೆಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಯದೇ. ಅದೊಂದನ್ನು ಮನೆಯಲ್ಲೇ ಉಳಿಸಿಕೊಂಡರೆ ಗಾಡಿಯ ಹೊರೆ ಅರ್ಧಕ್ಕಿಳಿಯುತ್ತದೆ, ಉಳಿದರ್ಧ ಮಾರಲು ಯೋಗ್ಯವಾಗುತ್ತದೆ.

ಮೊದಲು: ಎರಡು ಡಬ್ಬಿ, ಒಂದು ಚೀಲ

ಕರ್ನಾಟಕ ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೇಳಿದ ಏರ್ಪಾಡು ಇದು. ಹಸಿ ಕಸಕ್ಕೆ ಹಸಿರು ಡಬ್ಬಿ, ಪ್ಯಾಡ್, ಡೈಪರ್‌ಗಳಂಥ ಕಸಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಮತ್ತೆ ಮತ್ತೆ ಬಳಸಬಹುದಾದ ಒಂದು ಚೀಲ. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ಹಳೆಯ ಬಕೆಟ್ ಒಂದು, ಮುಚ್ಚಳವಿರುವ ಡಬ್ಬಿ ಒಂದು, ಅಕ್ಕಿ ಬಂದ ಚೀಲ ಒಂದು ಸಾಕು. ಹಸಿ ಡಬ್ಬಿಯೊಳಗೆ ಪ್ಲಾಸ್ಟಿಕ್ ಕವರ್ ಹಾಸಬೇಡಿ. ತಳಕ್ಕೆ ಒಂದು ಹಾಳೆ ಪತ್ರಿಕೆ ಹಾಸಿದರೆ ಡಬ್ಬಿ ತೊಳೆಯುವುದು ಸುಲಭ. ಮೂರನ್ನೂ ಒಂದೇ ಕಡೆ ಇಡಿ. ಹಸಿಯದು ಅಡುಗೆಮನೆಯಲ್ಲಿ, ಒಣದ್ದು ಬಾಲ್ಕನಿಯಲ್ಲಿ ಎಂದು ದೂರ ಮಾಡಿದರೆ ಅವಸರದಲ್ಲಿ ಎಲ್ಲವೂ ಹತ್ತಿರದ ಡಬ್ಬಿಗೇ ಬೀಳುತ್ತವೆ.

ಒಣ ಕಸ ನಿಜಕ್ಕೂ ಒಣಗಿರಲಿ

ನಂದಿನಿ ಹಾಲಿನ ಪ್ಯಾಕೆಟ್ಟಿನಿಂದ ಶುರು ಮಾಡೋಣ, ಅದು ಎಲ್ಲರ ಮನೆಯಲ್ಲೂ ಇರುತ್ತದೆ. ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ. ಆ ಚೂರು ಎಷ್ಟು ಚಿಕ್ಕದೆಂದರೆ ಯಾರ ಕೈಗೂ ಸಿಗದೆ ಚರಂಡಿ ಸೇರುತ್ತದೆ. ತುದಿ ಅಂಟಿಕೊಂಡೇ ಇರುವಂತೆ ಸೀಳಿ. ಹಾಲು ಬಗ್ಗಿಸಿದ ಮೇಲೆ ಒಳಕ್ಕೆ ಚೂರು ನೀರು ಹಾಕಿ ಕುಲುಕಿ, ಆ ನೀರನ್ನು ಗಿಡಕ್ಕೆ ಚೆಲ್ಲಿ, ಪ್ಯಾಕೆಟ್ಟನ್ನು ಪಾತ್ರೆ ಸ್ಟ್ಯಾಂಡಿನ ಮೇಲೆ ಬೋರಲು ಹಾಕಿ. ಮಧ್ಯಾಹ್ನದ ಹೊತ್ತಿಗೆ ಒಣಗಿರುತ್ತದೆ. ತೊಳೆಯದಿದ್ದರೆ ಎರಡೇ ದಿನಕ್ಕೆ ಚೀಲವೆಲ್ಲ ಹುಳಿ ನಾತ. ಆ ನಾತದ ನಡುವೆ ಕುಳಿತು ಬರಿಗೈಯಲ್ಲಿ ವಿಂಗಡಿಸುವವರು ಬಹುಪಾಲು ಹೆಂಗಸರು.

ಮೊಸರು, ಇಡ್ಲಿ ಹಿಟ್ಟಿನ ಪ್ಯಾಕೆಟ್, ಎಣ್ಣೆ ಕವರ್, ಹೋಟೆಲಿನಿಂದ ಸಾಂಬಾರು ಬಂದ ಡಬ್ಬಿ, ಎಲ್ಲಕ್ಕೂ ಇದೇ ಕ್ರಮ. ಇದಕ್ಕೆಂದು ನಲ್ಲಿ ಬಿಡಬೇಡಿ. 2024ರ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರಿಗೆ ಕಾದು ನಿಂತದ್ದನ್ನು ಯಾರು ಮರೆತಾರು? ತರಕಾರಿ ತೊಳೆದ ನೀರೇ ಧಾರಾಳವಾಯಿತು.

ಒಣ ಕಸ ಒಂದೇ ಜಾತಿಯದಲ್ಲ. ವಿಂಗಡಣೆಯ ಕೇಂದ್ರದಲ್ಲಿ ಅದು ಹತ್ತಾರು ಬಗೆಯಾಗಿ ಒಡೆಯುತ್ತದೆ: ಬಿಳಿ ಕಾಗದ, ಪತ್ರಿಕೆ, ರಟ್ಟು, ಬಣ್ಣವಿಲ್ಲದ ನೀರಿನ ಬಾಟಲಿ, ಬಣ್ಣದ ಬಾಟಲಿ, ಶಾಂಪೂ ಡಬ್ಬಿ, ಹಾಲಿನ ಕವರ್, ತಗಡು, ಅಲ್ಯೂಮಿನಿಯಂ. ಬಣ್ಣವಿಲ್ಲದ ಬಾಟಲಿಗೆ ಬಣ್ಣದ ಬಾಟಲಿಗಿಂತ ಬೆಲೆ ಹೆಚ್ಚು. ಬಾಟಲಿಯದೊಂದು ಪ್ಲಾಸ್ಟಿಕ್, ಮುಚ್ಚಳದ್ದೇ ಇನ್ನೊಂದು. ಪುಡಿ ಮಾಡಿ ನೀರಿಗೆ ಹಾಕಿದರೆ ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ಮಿನುಗುವ ಚಿಪ್ಸ್ ಪೊಟ್ಟಣಕ್ಕೆ ಮಾತ್ರ ಗುಜರಿಯಲ್ಲಿ ಬೆಲೆ ಸಿಗುವುದಿಲ್ಲ, ಯಾಕೆಂದರೆ ಪದರಗಳನ್ನು ಬಿಡಿಸಲು ಬಾರದು. ಮನೆಯಲ್ಲಿ ನೀವು ಹತ್ತು ಚೀಲ ಇಡಬೇಕಿಲ್ಲ. ಗಾಜನ್ನೊಂದು ಬೇರೆ ಇಟ್ಟು ಉಳಿದದ್ದನ್ನು ತೊಳೆದು, ಒಣಗಿಸಿ, ಒಂದೇ ಚೀಲಕ್ಕೆ ಹಾಕಿ. ಬಲ್ಬು, ಬ್ಯಾಟರಿ, ಹಳೆ ಚಾರ್ಜರುಗಳದು ಪ್ರತ್ಯೇಕ ಡಬ್ಬಿ. ಆರು ತಿಂಗಳಿಗೊಮ್ಮೆ ತುಂಬಿದಾಗ ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಕೊಡಿ.

ಕೆಂಪು ಡಬ್ಬಿಯ ವಿಷಯ

ಇದನ್ನು ಸಂಕೋಚಪಡದೆ ಬರೆಯಬೇಕು. ಬಳಸಿದ ಪ್ಯಾಡು, ಡೈಪರು, ಬ್ಯಾಂಡೇಜುಗಳನ್ನು ಹಾಳೆಯಲ್ಲಿ ಸುತ್ತಿ, ಮೇಲೆ ಎದ್ದು ಕಾಣುವಂತೆ ಕೆಂಪು ಪೆನ್ನಿನಲ್ಲಿ ಒಂದು ಚುಕ್ಕೆ ಇಡಿ. ಆ ಚುಕ್ಕೆ ಕಂಡವರು ಪೊಟ್ಟಣ ಬಿಚ್ಚುವುದಿಲ್ಲ. ಅಷ್ಟರಿಂದಲೇ ಒಬ್ಬರ ಕೈ ರಕ್ತ, ಕೀವು ಮುಟ್ಟುವುದು ತಪ್ಪುತ್ತದೆ. ಒಡೆದ ಗಾಜು, ಬ್ಲೇಡು, ಸೂಜಿಗಳನ್ನು ಕವರಿನಲ್ಲಿ ಸುತ್ತಿದರೆ ಸಾಲದು. ದಪ್ಪ ರಟ್ಟಿನ ಪೆಟ್ಟಿಗೆಯಲ್ಲೋ ಹಳೆ ತಗಡಿನ ಡಬ್ಬಿಯಲ್ಲೋ ಹಾಕಿ, ಟೇಪು ಅಂಟಿಸಿ, ‘ಗಾಜು’ ಎಂದು ದೊಡ್ಡದಾಗಿ ಬರೆಯಿರಿ. ಜತೆಗೆ ಬಾಯಲ್ಲೂ ಹೇಳಿ ಕೊಡಿ.

ಹಸಿ ಕಸ: ಬಕೆಟ್ಟಿನಲ್ಲಿ ಗೊಬ್ಬರ

ಮಣ್ಣಿನ ಮೂರಂತಸ್ತಿನ ಗೊಬ್ಬರದ ಮಡಕೆಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಬೆಂಗಳೂರಿನ ಡೈಲಿ ಡಂಪ್ ಸಂಸ್ಥೆಯ ‘ಕಂಬ’ ಅಂಥದ್ದು. ಮಣ್ಣು ಉಸಿರಾಡುವುದರಿಂದ ಅದು ಒಳ್ಳೆಯದೇ. ದುಡ್ಡು ಹಾಕಲು ಇಷ್ಟವಿಲ್ಲದಿದ್ದರೆ 20 ಲೀಟರಿನ ಪೇಂಟ್ ಬಕೆಟ್‌ಗಳಲ್ಲೂ ಕೆಲಸ ಆಗುತ್ತದೆ.

ನಮ್ಮ ಮನೆಯಲ್ಲಿ ನಾಲ್ಕು ಜನ, ನಾಲ್ಕು ಬಕೆಟ್. ಒಂದು ತುಂಬಲು ಸುಮಾರು 15 ದಿನ ಹಿಡಿಯುತ್ತದೆ. ನಾಲ್ಕನೆಯದು ತುಂಬುವ ಹೊತ್ತಿಗೆ ಮೊದಲನೆಯದು ತುಂಬಿ 45 ದಿನ ಕಳೆದಿರುತ್ತದೆ, ಅಂದರೆ ಅದರಲ್ಲಿ ಗೊಬ್ಬರ ತಯಾರು. ಅದನ್ನು ಖಾಲಿ ಮಾಡಿ ಮತ್ತೆ ಅಲ್ಲಿಂದಲೇ ಶುರು.

ಬಕೆಟ್ಟಿನ ತಳದಲ್ಲಿ ಎಂಟು-ಹತ್ತು, ಪಕ್ಕದಲ್ಲಿ ಸುತ್ತಲೂ ಇಪ್ಪತ್ತು-ಮೂವತ್ತು ತೂತು ಕೊರೆಯಿರಿ. ಪೆನ್ಸಿಲ್ ತೂರುವಷ್ಟು ಅಗಲ ಸಾಕು. ಕೆಳಗೆ ಒಂದು ತಟ್ಟೆ, ತಟ್ಟೆಯಲ್ಲಿ ಎರಡು ಇಟ್ಟಿಗೆ ಚೂರು, ಅದರ ಮೇಲೆ ಬಕೆಟ್. ತಳಕ್ಕೆ ಎರಡು ಇಂಚು ಒಣ ಎಲೆ ಹಾಸಿ. ಅದರ ಮೇಲೆ ಒಂದು ಹಿಡಿ ಸಗಣಿಯನ್ನೋ, ಅದು ಸಿಗದಿದ್ದರೆ ಹುಳಿ ಮಜ್ಜಿಗೆಯನ್ನು ಒಣ ಎಲೆಗೆ ಕಲಸಿಯೋ ಹಾಕಿ. ಕೊಳೆಸುವ ಸೂಕ್ಷ್ಮಾಣುಗಳಿಗೆ ಇದು ಹೆಪ್ಪು ಇದ್ದಂತೆ.

ಇನ್ನು ದಿನದ ಕೆಲಸ. ಸಿಪ್ಪೆ, ಕಾಫಿ-ಟೀ ಚರಟ, ಮೊಟ್ಟೆ ಚಿಪ್ಪು, ಉಳಿದ ಮುದ್ದೆ, ದೇವರ ಹೂವು ಎಲ್ಲವೂ ಬಕೆಟ್ಟಿಗೆ. ದೊಡ್ಡದಿದ್ದರೆ ಹೆಚ್ಚಿ ಹಾಕಿ. ಬಾಳೆಎಲೆ ಇಡಿಯಾಗಿ ಹಾಕಿದರೆ ಅದರಡಿ ಗಾಳಿಯಾಡದು. ಸಾರು, ಮಜ್ಜಿಗೆ ಬಸಿದು ಗಟ್ಟಿಯಷ್ಟನ್ನೇ ಹಾಕಿ. ಹೂವಿನ ಮಾಲೆಯ ದಾರ ಬಾಳೆನಾರಿನದಾದರೆ ಇರಲಿ, ನೈಲಾನಿನದಾದರೆ ಬಿಡಿಸಿ. ಹಸಿ ಕಸ ಎಷ್ಟೋ ಅಷ್ಟೇ ಗಾತ್ರದ ಒಣ ಪದಾರ್ಥ ಮೇಲೆ ಮುಚ್ಚಬೇಕು. ಒಣ ಎಲೆ, ತೆಂಗಿನ ನಾರಿನ ಪುಡಿ, ಮರದ ಹೊಟ್ಟು, ಯಾವುದಾದರೂ ಆಗುತ್ತದೆ. ನಾನು ಬೀದಿಯ ಹೊಂಗೆ ಮರದ ಎಲೆ ಉದುರುವ ಕಾಲದಲ್ಲಿ ಎರಡು ಚೀಲ ಗುಡಿಸಿಟ್ಟುಕೊಳ್ಳುತ್ತೇನೆ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಅಡುಗೆಮನೆಯ ಕಸದಲ್ಲಿ ಸಾರಜನಕ ಹೆಚ್ಚು. ಸಾರಜನಕ ಒಂದು ಪಾಲಿದ್ದರೆ ಇಂಗಾಲ 25ರಿಂದ 30 ಪಾಲು ಇರುವಾಗ ಸೂಕ್ಷ್ಮಾಣುಗಳು ಚೆನ್ನಾಗಿ ದುಡಿಯುತ್ತವೆ. ಕಸ ಸಂಪೂರ್ಣ ಮುಚ್ಚಿಹೋಗಬೇಕು, ಒಂದು ಸಿಪ್ಪೆಯೂ ಇಣುಕಬಾರದು ಎಂಬುದನ್ನು ನೆನಪಿಟ್ಟರೆ ಅಳತೆ ತಾನಾಗಿ ಸರಿಹೋಗುತ್ತದೆ.

ಮೂರು ದಿನಕ್ಕೊಮ್ಮೆ ಕೋಲಿನಲ್ಲಿ ತಳದಿಂದ ತಿರುವಿ. ಒಂದು ಹಿಡಿ ತೆಗೆದು ಹಿಂಡಿ ನೋಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಹದ ಸರಿ. ಧಾರೆ ಸುರಿದರೆ ಒಣ ಎಲೆ ಸೇರಿಸಿ, ಉದುರಿಹೋದರೆ ನೀರು ಚಿಮುಕಿಸಿ.

ತೊಂದರೆ ಬಂದೇ ಬರುತ್ತದೆ, ಬಹಳ ಜನ ಕೈಬಿಡುವುದೂ ಅಲ್ಲೇ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದು, ನೀರು ಹೆಚ್ಚಾಗಿದೆ. ತಿರುವಿ, ಎಲೆ ಸೇರಿಸಿ, ಒಂದು ದಿನ ಮುಚ್ಚಳ ತೆಗೆದು ಬಟ್ಟೆ ಕಟ್ಟಿಡಿ. ಮೂಗಿಗೆ ಹೊಡೆಯುವ ಅಮೋನಿಯ ಘಾಟು ಬಂದರೂ ಮದ್ದು ಒಣ ಎಲೆಯೇ. ಇರುವೆ ಮುತ್ತಿದರೆ ರಾಶಿ ಒಣಗಿದೆ ಎಂದು ಅರ್ಥ. ಬಿಳಿ ಬೂಸು ಕಂಡರೆ ಹೆದರಬೇಡಿ, ಅದು ಕೆಲಸ ನಡೆದಿರುವ ಗುರುತು. ಬೂದು ಬಣ್ಣದ ದಪ್ಪ ಹುಳುಗಳು ಕಾಣಿಸಿಕೊಂಡಾಗ ಮನೆಮಂದಿ ಕಿರುಚುವುದುಂಟು. ಹೆಚ್ಚಿನ ಸಲ ಅವು ಕಪ್ಪು ಸೈನಿಕ ನೊಣದ ಮರಿಗಳು. ಕಚ್ಚುವುದಿಲ್ಲ, ರೋಗ ತರುವುದಿಲ್ಲ, ಕಸವನ್ನು ನಮಗಿಂತ ಬೇಗ ಮುಗಿಸಿಕೊಡುತ್ತವೆ. ನೋಡಲಾಗದಿದ್ದರೆ ಒಂದು ಹಿಡಿ ಬೇವಿನ ಹಿಂಡಿ ಉದುರಿಸಿ.

ಮಾವಿನ ಓಟೆ, ತೆಂಗಿನ ಚಿಪ್ಪು, ಮೂಳೆ 45 ದಿನಕ್ಕೆ ಕರಗುವುದಿಲ್ಲ, ಬೇರೆ ಇಡಿ. ‘ಕೊಳೆಯುವ ಪ್ಲಾಸ್ಟಿಕ್’ ಎಂದು ಬರೆದ ಕವರುಗಳನ್ನೂ ಬಕೆಟ್ಟಿಗೆ ಹಾಕಬೇಡಿ. ಅವುಗಳಲ್ಲಿ ಹಲವಕ್ಕೆ ದೊಡ್ಡ ಘಟಕದ ಬಿಸಿಯೇ ಬೇಕು.

ಗೊಬ್ಬರ ಹದಕ್ಕೆ ಬಂದಿದೆಯೇ ಎಂದು ಮೂಗೇ ಹೇಳುತ್ತದೆ. ಮೊದಲ ಮಳೆಗೆ ನೆಲ ಬಿಡುವ ವಾಸನೆ ಬರಬೇಕು. ಬಿಸಿಲಿಗೆ ಹಾಕದೆ ನೆರಳಲ್ಲಿ ಎರಡು ದಿನ ಹರಡಿ, ಜರಡಿ ಹಿಡಿಯಿರಿ. ಜರಡಿಯಲ್ಲಿ ಉಳಿದದ್ದು ಮುಂದಿನ ಬಕೆಟ್ಟಿಗೆ ಹೆಪ್ಪು. ಒಂದು ಪಾಲು ಗೊಬ್ಬರಕ್ಕೆ ಮೂರು ಪಾಲು ಮಣ್ಣು ಬೆರೆಸಿ ಕುಂಡಕ್ಕೆ ಹಾಕಿ. ಬರಿಗೊಬ್ಬರದಲ್ಲಿ ಗಿಡ ನೆಡಬೇಡಿ.

ಕಣ್ಣಾರೆ ನೋಡಿ ಕಲಿಯಬೇಕೆಂದರೆ ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರಕ್ಕೆ ಹೋಗಿ ಬನ್ನಿ. ಗೊಬ್ಬರ ಮಾಡುವ ಬಗೆಬಗೆಯ ವಿಧಾನಗಳನ್ನು ಅಲ್ಲಿ ಒಂದೇ ಕಡೆ ಇಟ್ಟಿದ್ದಾರೆ.

ಎಲೆಗೆ ಬೆಂಕಿ ಬೇಡ

ಬೆಳಗ್ಗೆ ಗುಡಿಸಿದ ಎಲೆಗೆ ಕಡ್ಡಿ ಗೀರುವ ಅಭ್ಯಾಸ ಇನ್ನೂ ಹೋಗಿಲ್ಲ. ಆ ಹೊಗೆ ಮೊದಲು ಸೇರುವುದು ಗುಡಿಸಿದವರ ಶ್ವಾಸಕೋಶವನ್ನೇ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಆ ಮೊಕದ್ದಮೆಯ ಹಿಂದಿದ್ದವರು ಬೆಂಗಳೂರಿನ ಅಲ್ಮಿತ್ರಾ ಪಟೇಲ್. 1996ರಲ್ಲಿ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದರಿಂದಲೇ ದೇಶಕ್ಕೆ 2000ದಲ್ಲಿ ನಗರ ಘನತ್ಯಾಜ್ಯದ ನಿಯಮಗಳು ಬಂದವು.

ಅಪಾರ್ಟ್‌ಮೆಂಟಿನಲ್ಲಿದ್ದರೆ

ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹುಟ್ಟುವ ಜಾಗವನ್ನು 2016ರ ಘನತ್ಯಾಜ್ಯ ನಿಯಮಗಳು ಭಾರಿ ಉತ್ಪಾದಕ ಎಂದು ಕರೆದವು. ಅಂಥಲ್ಲಿ ಸಂಘದವರು ಗೊಬ್ಬರ ಮಾಡುವ ಯಂತ್ರ ಕೊಳ್ಳುವ ಮಾತಿನಿಂದ ಚರ್ಚೆ ಶುರು ಮಾಡುತ್ತಾರೆ. ನನ್ನ ಸಲಹೆ ಬೇರೆ: ಮೊದಲು ಕೆಲಸ ಬಲ್ಲವರನ್ನು ಹುಡುಕಿ. ಇಟ್ಟಿಗೆಯ ಜಾಲರಿ ತೊಟ್ಟಿ, ಒಣ ಎಲೆ, ಜತೆಗೆ ಕಸದ ಕೆಲಸ ಗೊತ್ತಿರುವ ಇಬ್ಬರು ಸಿಕ್ಕರೆ, ಕರೆಂಟು ತಿನ್ನುವ ಯಂತ್ರಕ್ಕಿಂತ ಚೆನ್ನಾಗಿ ನಡೆಯುತ್ತದೆ. ಅವರಿಗೆ ತಿಂಗಳ ಸಂಬಳ, ಕೈಗವಸು, ಬೂಟು, ಕೈಕಾಲು ತೊಳೆಯಲು ನೀರು, ಕೂರಲು ನೆರಳು ಇಷ್ಟನ್ನೂ ಬಜೆಟ್ಟಿನ ಮೊದಲ ಸಾಲಿನಲ್ಲೇ ಬರೆಯಿರಿ.

ಬೆಂಗಳೂರು 2011ರಲ್ಲಿ ತ್ಯಾಜ್ಯ ಆಯುವವರಿಗೆ ಗುರುತಿನ ಚೀಟಿ ಕೊಡಲು ಶುರು ಮಾಡಿತು. ಅದುವರೆಗೆ ಹೆಗಲ ಮೇಲೆ ಚೀಲ ಕಂಡರೆ ಕಳ್ಳರೆಂದು ಅನುಮಾನಿಸುತ್ತಿದ್ದ ಬೀದಿಗಳಲ್ಲಿ ಆ ಚೀಟಿಗೆ ದೊಡ್ಡ ಅರ್ಥವಿತ್ತು. ಇಂದು ಹಸಿರು ದಳ ಎಂಬ ಸಂಘಟನೆಯ ಬೆಂಬಲದಿಂದ ಅವರಲ್ಲಿ ಹಲವರು ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳನ್ನು ತಾವೇ ನಡೆಸುತ್ತಾರೆ. ಚೀಲ ಹೊತ್ತು ಅಲೆಯುತ್ತಿದ್ದವರು ಕೇಂದ್ರದ ತಕ್ಕಡಿಯ ಹಿಂದೆ ನಿಂತು ಲೆಕ್ಕ ಬರೆಯುತ್ತಾರೆ. ಆ ಕೇಂದ್ರ ಉಳಿಯುವುದು ಬಂದ ಮಾಲು ಮಾರಾಟವಾದರೆ ಮಾತ್ರ.

ಕೊನೆಗೆ, ಯಾರ ಕೈಗೆ ಕೊಡುತ್ತೀರೋ ಅವರನ್ನು ಕೇಳಿ

ನಿಮ್ಮ ವಾರ್ಡಿನ ಕೇಂದ್ರ ಎಲ್ಲಿದೆ ಎಂದು ಕಂಡುಕೊಳ್ಳಿ, ಒಮ್ಮೆ ಹೋಗಿ ಹತ್ತು ನಿಮಿಷ ನಿಂತು ನೋಡಿ. ಒಣ ಕಸಕ್ಕೆ ಗಾಡಿ ಬರುವ ದಿನ ಗೊತ್ತು ಮಾಡಿಕೊಂಡು ಅಂದೇ ಕೊಡಿ, ಹಿಂದಿನ ರಾತ್ರಿ ಗೇಟಿನ ಹೊರಗೆ ಇಡಬೇಡಿ. ನಾಯಿ ಎಳೆದಾಡುತ್ತವೆ, ಮಳೆ ಬಂದರೆ ಒಣಗಿಸಿದ್ದೆಲ್ಲ ವ್ಯರ್ಥ.

ನಮ್ಮ ಬೀದಿಗೆ ಬರುವಾಕೆಯನ್ನು ನಾನೊಂದು ದಿನ, ನಮ್ಮ ಮನೆಯ ಚೀಲದಲ್ಲಿ ಇನ್ನೇನು ಸರಿ ಮಾಡಬೇಕು ಎಂದು ಕೇಳಿದೆ. ತೊಳೆದ ಪ್ಯಾಕೆಟ್ಟುಗಳನ್ನು ಹೊಗಳಿಯಾಳು ಎಂದುಕೊಂಡಿದ್ದೆ. ಆಕೆ ಚೀಲದ ಬಾಯಿ ತೋರಿಸಿ, “ಗಂಟು ಇಷ್ಟು ಬಿಗಿಯಾಗಿ ಹಾಕ್ಬೇಡಿ ಅಕ್ಕ. ಬಿಚ್ಚೋಕಾಗಲ್ಲ, ಹರೀಬೇಕಾಗುತ್ತೆ. ಹರಿದ್ರೆ ಎಲ್ಲಾ ಚೆಲ್ಲೋಗುತ್ತೆ” ಎಂದಳು. ಈಗ ಬಾಯಿ ಮಡಚಿ ಬಟ್ಟೆ ಕ್ಲಿಪ್ಪು ಹಾಕಿ ಕೊಡುತ್ತೇನೆ. ಚೀಲ ಸುರಿದುಕೊಂಡು, ಕ್ಲಿಪ್ಪು ಸಮೇತ ಆಕೆ ಅಲ್ಲೇ ವಾಪಸು ಕೊಡುತ್ತಾಳೆ.