ಮೊದಲು ಕೈ, ಕೊನೆಗೆ ಮುಖ: ಹಳೆಯ ಭಾವಚಿತ್ರಗಳಲ್ಲಿ ಹೆಣ್ಣು ಮತ್ತು ಅಧಿಕಾರ

ಹಿಂದಿನ ಕಾಲದ ಹೆಣ್ಣಿನ ಭಾವಚಿತ್ರವನ್ನು ಅಭ್ಯಾಸ ಮಾಡುವಾಗ ನಾನು ಪ್ರಿಂಟ್ ತೆಗೆದುಕೊಂಡು ಮೊದಲು ಮುಖದ ಮೇಲೊಂದು ಕಾಗದ ಇಡುತ್ತೇನೆ. ಮುಖ ಕಂಡರೆ ಮಾತೆಲ್ಲ ಚೆಲುವಿನ ಕಡೆಗೇ ಹೋಗುತ್ತದೆ. ಕೈ ಏನು ಮಾಡುತ್ತಿದೆ, ಉಡುಪಿನ ಮೇಲೆ ಯಾರ ಗುರುತಿದೆ, ಮೈ ಎತ್ತ ತಿರುಗಿದೆ, ಇಷ್ಟನ್ನು ಬರೆದುಕೊಂಡ ಮೇಲೆಯೇ ಕಾಗದ ತೆಗೆಯುವುದು.

ಇಟಲಿಯ ಚಿತ್ರಕಾರ ಗಿರ್ಲಾಂಡಾಯೊ ಬರೆದ, ಫ್ಲಾರೆನ್ಸಿನ ಸಿರಿವಂತ ಮನೆತನದ ಸೊಸೆ ಜೊವಾನ್ನಾ ತೊರ್ನಬುವೊನಿಯ ಕೈಗಳು ಸೊಂಟದ ಬಳಿ ಕೂಡಿಕೊಂಡಿವೆ. ಭುಜದ ಬಟ್ಟೆಯ ಮೇಲೆ ಗಂಡ ಲೊರೆಂಜೊನ ಹೆಸರಿನ ಮೊದಲಕ್ಷರ. ಮುಖ ಪೂರ್ತಿ ಪಕ್ಕಕ್ಕೆ ತಿರುಗಿದೆ. ನಾವು ಎಷ್ಟು ದಿಟ್ಟಿಸಿದರೂ ಆಕೆ ನಮ್ಮನ್ನು ನೋಡಲಾರಳು. ಹೆರಿಗೆಯಲ್ಲಿ ಆಕೆ ತೀರಿಕೊಂಡದ್ದು 1488ರಲ್ಲಿ, ಚಿತ್ರ ಇದ್ದದ್ದು ಗಂಡನ ಮನೆಯಲ್ಲಿ.

ಹಾಗಾದರೆ ನೇರ ನೋಟವೆಂದರೆ ಅಧಿಕಾರವೇ? ಬಹಳ ಜನ ಎಡವುವುದು ಇಲ್ಲೇ. ಹೋಲ್ಬೈನ್ 1538ರಲ್ಲಿ ಬರೆದ ಡೆನ್ಮಾರ್ಕಿನ ಕ್ರಿಸ್ಟಿನಾ ನಮ್ಮತ್ತಲೇ ನೋಡುತ್ತಾಳೆ, ಅಡಿಯಿಂದ ಮುಡಿಯವರೆಗೆ ಕಾಣುತ್ತಾಳೆ. ಆದರೆ ಹದಿನಾರರ ಆ ವಿಧವೆಯನ್ನು ಹಾಗೆ ನಿಲ್ಲಿಸಿದ್ದು ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಗೆ ಹೆಣ್ಣು ತೋರಿಸಲು. ಚಿತ್ರಕಾರನಿಗೆ ಸಿಕ್ಕಿದ್ದು ಮೂರೇ ಗಂಟೆ. ಅದಕ್ಕೇ ಚಿತ್ರ ಯಾರು ಬರೆಸಿದರು, ಯಾರ ಕಣ್ಣಿಗಾಗಿ ಎಂಬುದನ್ನು ನೋಟಕ್ಕಿಂತ ಮೊದಲು ಹುಡುಕಬೇಕು. ಸ್ಪೇನಿನ ನೌಕಾಪಡೆ ಆರ್ಮಡಾ 1588ರಲ್ಲಿ ಸೋತದ್ದರ ನೆನಪಿಗೆ ಬರೆದ, ಇಂಗ್ಲೆಂಡಿನ ರಾಣಿ ಒಂದನೇ ಎಲಿಜಬೆತ್‌ಳ ಆರ್ಮಡಾ ಚಿತ್ರದಲ್ಲಿ ಕಣ್ಣು ನಮ್ಮ ಕಡೆಗಿಲ್ಲ, ಆದರೆ ಬಲಗೈ ಭೂಗೋಲದ ಮೇಲಿದೆ, ಬೆರಳುಗಳು ಅಮೆರಿಕ ಖಂಡದ ಮೇಲೆ. ಆಗ ಆಕೆಗೆ ಸುಮಾರು 55. ಮುಖದಲ್ಲಿ ಆ ವಯಸ್ಸಿಲ್ಲ.

ಚಿತ್ರ ಇಡಿಯಾಗಿದೆಯೇ ಎಂದು ನೋಡದೆ ಕೈಯ ಬಗ್ಗೆ ತೀರ್ಪು ಕೊಡಬಾರದು. ಆರ್ಮಡಾ ಚಿತ್ರಕ್ಕೆ ಒಂದಕ್ಕಿಂತ ಹೆಚ್ಚು ಪ್ರತಿಗಳಿವೆ, ಲಂಡನ್ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಪ್ರತಿಯನ್ನು ಎರಡೂ ಬದಿ ಕತ್ತರಿಸಲಾಗಿದೆ. ಲಿಯೊನಾರ್ಡೊನ ಜಿನೆವ್ರಾ ದೆ ಬೆಂಚಿಯ ಕೆಳಭಾಗವೇ ಇಲ್ಲ, ಕೈಗಳು ಅಲ್ಲಿದ್ದವೆಂದೇ ವಿದ್ವಾಂಸರ ಊಹೆ. ಜೋಡಿಚಿತ್ರಗಳಲ್ಲಿ ಇನ್ನೊಂದು ತೊಡಕು: ವಾಡಿಕೆಯಂತೆ ಗಂಡ ನಮ್ಮ ಎಡಕ್ಕೆ, ಹೆಂಡತಿ ಬಲಕ್ಕೆ. ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಬರೆದ, ಇಟಲಿಯ ಉರ್ಬಿನೊ ಸಂಸ್ಥಾನದ ಒಡೆಯ ಫೆದೆರಿಗೊ ಮತ್ತು ಆತನ ಹೆಂಡತಿಯ ಜೋಡಿಚಿತ್ರದಲ್ಲಿ ಇದು ತಿರುವುಮುರುವು. ಹೆಂಡತಿಗೆ ಹೆಚ್ಚಿನ ಗೌರವ ಎಂದುಕೊಳ್ಳುವ ಮೊದಲು ಫೆದೆರಿಗೊನಿಗೆ ಬಲಗಣ್ಣು ಇರಲಿಲ್ಲವೆಂಬುದು ತಿಳಿದಿರಬೇಕು: ನಮ್ಮ ಬಲಕ್ಕೆ ಕೂತು ಹೆಂಡತಿಯತ್ತ ತಿರುಗಿದರೆ ಆತನ ಎಡಮುಖ ಮಾತ್ರ ಕಾಣುತ್ತದೆ.

ಹೊಸಬರಿಗೆ ನಾನು ಕೊಡುವ ಅಭ್ಯಾಸ ಚಿತ್ರಕಾರ್ತಿ ವಿಜೆ ಲಬ್ರನ್ 1783ರಲ್ಲಿ ಬರೆದ, ಫ್ರಾನ್ಸಿನ ರಾಣಿ ಮಾರಿ ಆಂಟಾನೆಟ್‌ಳ ಎರಡು ಚಿತ್ರಗಳು. ಎರಡನ್ನೂ ಒಂದೇ ಅಳತೆಗೆ ಪ್ರಿಂಟ್ ತೆಗೆದು ಅಕ್ಕಪಕ್ಕ ಇಡಿ. ಭಂಗಿ ಹೆಚ್ಚುಕಡಿಮೆ ಒಂದೇ, ಕೈಯಲ್ಲಿ ಗುಲಾಬಿಯೂ ಹಾಗೆಯೇ. ಮೊದಲನೆಯದರಲ್ಲಿ ಸಡಿಲ ಬಿಳಿ ಮಸ್ಲಿನ್. ಒಳಉಡುಪಿನಂತಿದೆ ಎಂಬ ಗದ್ದಲವೆದ್ದು ಅದನ್ನು ಪ್ರದರ್ಶನದಿಂದ ತೆಗೆಯಬೇಕಾಯಿತು. ಬದಲಿಗೆ ಬಂದ ಚಿತ್ರದಲ್ಲಿ ನೀಲಿ ರೇಷ್ಮೆ, ಲೇಸು, ಮುತ್ತು. ಬರೆದವಳೂ ಹೆಣ್ಣು, ಬರೆಸಿಕೊಂಡವಳು ರಾಣಿ. ಆದರೂ ಉಡುಪು ಹೇಗಿರಬೇಕೆಂದು ತೀರ್ಮಾನಿಸಿದ್ದು ನೋಡುಗರು.