ಶುಶ್ರೂಷೆ: ಕೈ ತೊಳೆಯುವಲ್ಲಿಂದ ಪಾಳಿ ಒಪ್ಪಿಸುವವರೆಗೆ

ಔಷಧವನ್ನು ವೈದ್ಯರು ಬರೆದುಕೊಡುತ್ತಾರೆ; ಅದು ಫಲ ಕೊಡುವ ತನಕ ರೋಗಿಯ ದೇಹವನ್ನೂ ಮನಸ್ಸನ್ನೂ ಕಾಯುವ ಹೊಣೆ ಹಗಲಿರುಳು ಹಾಸಿಗೆಯ ಪಕ್ಕದಲ್ಲಿರುವವರದು. ತರಬೇತಿ ಪಡೆದ ದಾದಿಯಾಗಲಿ, ಮನೆಯಲ್ಲಿ ತಾಯಿಯನ್ನು ನೋಡಿಕೊಳ್ಳುವ ಮಗನಾಗಲಿ, ಇಬ್ಬರೂ ಕಲಿಯಬೇಕಾದ ಮೂಲ ವಿದ್ಯೆ ಒಂದೇ: ರೋಗಿ ಬಾಯಿಬಿಟ್ಟು ಹೇಳುವ ಮೊದಲೇ ಅವರ ಸ್ಥಿತಿಯನ್ನು ಗಮನಿಸುವುದು. ಅದನ್ನು ದಿನದ ಕೆಲಸದ ಕ್ರಮದಲ್ಲಿಯೇ ನೋಡೋಣ.

ಮೊದಲು ಕೈ, ಆಮೇಲೆ ಕೋಣೆ

ರೋಗಿಯನ್ನು ಮುಟ್ಟುವ ಮುನ್ನ ಮತ್ತು ಮುಟ್ಟಿದ ನಂತರ, ಗಾಯಕ್ಕೆ ಪಟ್ಟಿ ಕಟ್ಟುವ ಮುನ್ನ, ರಕ್ತ ಅಥವಾ ಮಲಮೂತ್ರ ಸೋಕಿರಬಹುದಾದ ಕೆಲಸದ ನಂತರ, ಮಂಚ, ಹೊದಿಕೆಗಳನ್ನು ಮುಟ್ಟಿದ ಬಳಿಕ ಕೈ ತೊಳೆಯಬೇಕು. ಸೋಪು ಹಚ್ಚಿ, ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿಗಳನ್ನೆಲ್ಲ ಉಜ್ಜಿ ತೊಳೆದು ಒರೆಸಿಕೊಳ್ಳಲು 40ರಿಂದ 60 ಸೆಕೆಂಡು ಬೇಕು. ಕೈಗವಸು ಹಾಕಿಕೊಂಡರೂ ಈ ನಿಯಮಕ್ಕೆ ವಿನಾಯಿತಿಯಿಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ವಿಭಾಗವೊಂದರಲ್ಲಿ ಇಗ್ನಾಜ್ ಸೆಮೆಲ್‌ವೈಸ್ ಎಂಬ ವೈದ್ಯರು ಕ್ಲೋರಿನ್ ಬೆರೆತ ಸುಣ್ಣದ ದ್ರಾವಣದಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿದಾಗ, ಬಾಣಂತಿಯರ ಸಾವಿನ ಪ್ರಮಾಣ ಕೆಲವೇ ತಿಂಗಳುಗಳಲ್ಲಿ ತೀವ್ರವಾಗಿ ಇಳಿಯಿತು. ರೋಗಾಣುಗಳ ವಿಷಯ ಜಗತ್ತಿಗೆ ಸರಿಯಾಗಿ ತಿಳಿಯುವ ಮೊದಲೇ ಇದು ನಡೆದಿತ್ತು.

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ ಇಂದಿನ ಇಸ್ತಾಂಬುಲ್‌ನ ಭಾಗವಾದ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಹೋದ ಬ್ರಿಟಿಷ್ ದಾದಿ ಫ್ಲಾರೆನ್ಸ್ ನೈಟಿಂಗೇಲ್, ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ತಡೆಯಬಹುದಾದ ರೋಗಗಳಿಂದ ಸಾಯುತ್ತಿದ್ದರೆಂಬುದನ್ನು ಮುಂದೆ ಅಂಕಿಅಂಶಗಳ ಮೂಲಕವೇ ತೋರಿಸಿದರು. ಚರಂಡಿ ಶುಚಿಯಾಗಿ, ಗಾಳಿಯಾಡುವಂತಾದ ಮೇಲೆ ಆ ಆಸ್ಪತ್ರೆಯಲ್ಲಿ ಸಾವುಗಳು ಕಡಿಮೆಯಾದವು. ಆದ್ದರಿಂದ ರೋಗಿಗೆ ನೇರವಾಗಿ ಚಳಿ ತಾಗದಂತೆ ಕಿಟಕಿ ತೆರೆಯಿರಿ, ಹಗಲಿನ ಬೆಳಕು ಮಂಚಕ್ಕೆ ಬೀಳಲಿ, ರಾತ್ರಿ ಸದ್ದಡಗಲಿ.

ಗಮನಿಸುವುದು ಹೇಗೆ?

ಶುಶ್ರೂಷೆಯ ಜೀವಾಳ ಇಲ್ಲಿದೆ ಎಂದು ನಾನು ನಂಬುತ್ತೇನೆ. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100, ಉಸಿರಾಟ 12ರಿಂದ 20ರಷ್ಟಿರುತ್ತದೆ. ಉಸಿರನ್ನು ಎಣಿಸುತ್ತಿರುವುದು ಗೊತ್ತಾದರೆ ರೋಗಿ ಅರಿವಿಲ್ಲದೆಯೇ ಅದರ ಲಯ ಬದಲಿಸುತ್ತಾರೆ. ಹಾಗಾಗಿ ನಾಡಿ ಹಿಡಿದ ಕೈಯನ್ನು ಬಿಡದೆಯೇ ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅಂಕಿಗಳಷ್ಟೇ ಸಾಲವು. ನಿನ್ನೆ ಅರ್ಧ ಬಟ್ಟಲು ಗಂಜಿ ಕುಡಿದವರು ಇಂದು ಎರಡು ಚಮಚಕ್ಕೇ ಸಾಕೆಂದರೆ, ಹೆಸರು ಹಿಡಿದು ಮಾತಾಡಿಸುತ್ತಿದ್ದವರು ಇದ್ದಕ್ಕಿದ್ದಂತೆ ಗೊಂದಲಗೊಂಡರೆ, ಮೂತ್ರ ಕಡಿಮೆಯಾದರೆ, ಅದು ಮುಂದೆ ಬರಲಿರುವ ತೊಂದರೆಯ ಮುನ್ಸೂಚನೆಯಾಗಿರಬಹುದು. ಹಿರಿಯರಲ್ಲಿ ಸೋಂಕು ಜ್ವರವಿಲ್ಲದೆ, ಬರೀ ಗೊಂದಲವಾಗಿಯೇ ಕಾಣಿಸಿಕೊಳ್ಳುವುದುಂಟು. ಉಸಿರಿನ ಕಷ್ಟ, ತುಟಿ ನೀಲಿಗಟ್ಟುವುದು, ಮುಖದ ಒಂದು ಪಕ್ಕ ಜೋಲುವುದು ಕಂಡರೆ ತಡಮಾಡದೆ ವೈದ್ಯಕೀಯ ನೆರವು ಕರೆಯಬೇಕು.

ಚರ್ಮ, ಊಟ, ಮಾತು

ಒಂದೇ ಭಂಗಿಯಲ್ಲಿ ಮಲಗಿದವರ ಬೆನ್ನಿನ ಕೆಳಭಾಗ, ಸೊಂಟದ ಮೂಳೆ, ಹಿಮ್ಮಡಿ, ತಲೆಯ ಹಿಂಭಾಗಗಳಲ್ಲಿ ರಕ್ತಸಂಚಾರ ತಡೆದು ಹಾಸಿಗೆಹುಣ್ಣು ಏಳುತ್ತದೆ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾಗಿ ಮಲಗಿಸಬೇಕು. ಮೇಲಕ್ಕೆ ಸರಿಸುವಾಗ ಎಳೆಯದೆ, ಅಡಿಯ ಬಟ್ಟೆಯನ್ನು ಇಬ್ಬರು ಹಿಡಿದು ಎತ್ತಬೇಕು, ಏಕೆಂದರೆ ಎಳೆದಾಟದಲ್ಲಿ ಚರ್ಮದ ಒಳಪದರವೇ ಹರಿಯುತ್ತದೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗಲೂ ಬಣ್ಣ ಹೋಗದಿದ್ದರೆ ಹುಣ್ಣಿನ ಮೊದಲ ಹಂತ ಆಗಲೇ ಶುರುವಾಗಿದೆ ಎಂದು ತಿಳಿಯಿರಿ. ಕಪ್ಪು ಚರ್ಮದಲ್ಲಿ ಕೆಂಪು ಕಾಣದಿರಬಹುದಾದ್ದರಿಂದ ಬಿಸಿ, ಗಡಸು, ನೋವುಗಳನ್ನು ಮುಟ್ಟಿ ಪರೀಕ್ಷಿಸಬೇಕು. ಅಂಥ ಜಾಗವನ್ನು ತಿಕ್ಕಿ ಮಾಲೀಸು ಮಾಡಕೂಡದು.

ಊಟ ಕೊಡುವಾಗ ರೋಗಿಯನ್ನು ನೆಟ್ಟಗೆ ಕೂರಿಸಿ, ಉಂಡ ಮೇಲೂ ಅರ್ಧ ಗಂಟೆ ಹಾಗೆಯೇ ಇರಿಸಿ. ನುಂಗುವಾಗ ಕೆಮ್ಮು ಬಂದರೆ ನಿಲ್ಲಿಸಿ.

ಮೈ ಒರೆಸುವ ಮೊದಲು ಏನು ಮಾಡಲಿದ್ದೀರೆಂದು ಹೇಳಿ ಒಪ್ಪಿಗೆ ಕೇಳಬೇಕು, ಬಾಗಿಲು ಮುಚ್ಚಬೇಕು, ಒರೆಸುತ್ತಿರುವ ಭಾಗ ಬಿಟ್ಟು ಉಳಿದದ್ದಕ್ಕೆ ಹೊದಿಸಿರಬೇಕು. ಪ್ರಜ್ಞೆಯಿಲ್ಲದವರ ಬಳಿಯೂ ಹೀಗೆಯೇ ನಡೆದುಕೊಳ್ಳಬೇಕು, ಅವರಿಗೆ ಕೇಳಿಸುತ್ತಿರಬಹುದು. ಬಾಗಿಲ ಬಳಿ ನಿಂತು ಪಿಸುಗುಟ್ಟುವುದು ರೋಗಿಯನ್ನು ಎಷ್ಟು ಕಂಗೆಡಿಸುತ್ತದೆಂಬುದು ಒಮ್ಮೆಯಾದರೂ ಆ ಮಂಚದ ಮೇಲೆ ಮಲಗಿದವರಿಗೆ ಗೊತ್ತು.

ನೀವಿಲ್ಲದಾಗ

ನೀವಿದ್ದಾಗ ನಡೆಯುವುದೆಲ್ಲ ನೀವಿಲ್ಲದಾಗಲೂ ನಡೆಯುವಂತೆ ನೋಡಿಕೊಳ್ಳದಿದ್ದರೆ ಆರೈಕೆ ಅರ್ಧಕ್ಕೇ ನಿಂತಂತೆ. ಯಾವ ಔಷಧ, ಎಷ್ಟು, ಯಾವ ಹೊತ್ತಿಗೆ, ಹೇಗೆ ಎಂಬುದನ್ನು ಕೊಟ್ಟ ಕೂಡಲೇ ಬರೆದಿಡಿ. ನೆನಪಿಟ್ಟುಕೊಂಡು ಆಮೇಲೆ ಬರೆಯುವ ಅಭ್ಯಾಸದಿಂದ ಒಂದೇ ಮಾತ್ರೆಯನ್ನು ಎರಡು ಸಲ ಕೊಟ್ಟುಬಿಡುವ ಅಪಾಯವಿದೆ. 'ಚೆನ್ನಾಗಿದ್ದಾರೆ' ಎಂದು ಬರೆಯುವ ಬದಲು, 'ಎಂಟು ಗಂಟೆಗೆ ಬಲ ಮಗ್ಗುಲಿಗೆ ಮಲಗಿಸಿದೆ, ಎಡ ಹಿಮ್ಮಡಿ ಕೆಂಪಾಗಿದೆ' ಎಂದು ಬರೆದರೆ ಮುಂದಿನವರಿಗೆ ಕೆಲಸ ಎಲ್ಲಿಂದ ಶುರುಮಾಡಬೇಕೆಂದು ತಿಳಿಯುತ್ತದೆ. ಪಾಳಿ ಒಪ್ಪಿಸುವಾಗ ಇಬ್ಬರೂ ಹಾಸಿಗೆಯ ಬಳಿಯೇ ನಿಂತು ಆ ಟಿಪ್ಪಣಿಯನ್ನು ಓದಿ, ರಾತ್ರಿ ಯಾರಿರುತ್ತಾರೆ, ನೀವು ಮತ್ತೆ ಯಾವಾಗ ಬರುತ್ತೀರಿ ಎಂಬುದನ್ನು ರೋಗಿಗೂ ಹೇಳಿ ಹೊರಡಿ.