ಓಡುವ ಪ್ರೋಗ್ರಾಮ್‌ನಲ್ಲಿ ಬಟನ್ ಹುಟ್ಟಿಸುವುದು ಹೇಗೆ?

“ಬಟನ್ ಬರಾಕತ್ತಿಲ್ರೀ ಸರ್.” ಹುಬ್ಬಳ್ಳಿ, ಧಾರವಾಡದ ಕಡೆ ಪ್ಯಾಸ್ಕಲ್ ಕಲಿಯುವ ಹುಡುಗರು ಫೋನ್ ಮಾಡಿದರೆ ಹೆಚ್ಚಾಗಿ ದೂರು ಇದೇ. ಕಂಪೈಲ್ ಆಗಿದೆ, ಎರರ್ ಇಲ್ಲ, ಆದರೆ ಫಾರ್ಮ್ (ಪ್ರೋಗ್ರಾಮ್‌ನ ಕಿಟಕಿ) ಖಾಲಿ. ತಪ್ಪು ಎಲ್ಲರದ್ದೂ ಒಂದೇ ಜಾಗದಲ್ಲಿ ಇರುತ್ತದೆ. ಅದನ್ನು ಒಮ್ಮೆ ಸರಿಯಾಗಿ ತಿಳಿದುಕೊಂಡರೆ ಮತ್ತೆ ಆಗುವುದಿಲ್ಲ.

ಪ್ಯಾಸ್ಕಲ್ ಭಾಷೆ ನಿಕ್ಲಾಸ್ ವಿರ್ತ್ 1970ರಲ್ಲಿ ಕೊಟ್ಟದ್ದು. 1995ರಲ್ಲಿ ಬೋರ್ಲ್ಯಾಂಡ್ ಕಂಪನಿ ಡೆಲ್ಫಿ ಅನ್ನುವ, ಪ್ರೋಗ್ರಾಮ್ ಬರೆಯುವ ಸಾಧನ ತಂದ ಮೇಲೆ ಅದೇ ಭಾಷೆಯಲ್ಲಿ ವಿಂಡೋಸ್ ಫಾರ್ಮ್, ಬಟನ್, ಗ್ರಿಡ್ ಮಾಡುವುದು ತುಂಬಾ ಸಲೀಸಾಯಿತು. ಆಗ ಬರೆದ ಬಿಲ್ಲಿಂಗ್ ಪ್ರೋಗ್ರಾಮ್‌ಗಳು ಇವತ್ತಿಗೂ ಅಂಗಡಿಗಳಲ್ಲಿ ಓಡುತ್ತಿವೆ, ಅವನ್ನು ನೋಡಿಕೊಳ್ಳುವವರು ಬೇಕು. ಕಲಿಯುವವರಿಗೆ ನಾನು ಹೇಳುವುದು ಲಜಾರಸ್, ಅದೂ ಅಂಥದ್ದೇ ಸಾಧನ. ಪುಕ್ಕಟೆ ಸಿಗುತ್ತದೆ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ, ರೀತಿಯೆಲ್ಲ ಡೆಲ್ಫಿಯದ್ದೇ. ಯಾರೋ ಕೊಟ್ಟ ಕದ್ದ ಡೆಲ್ಫಿ 7ರ ಸಿ.ಡಿ. ಮಾತ್ರ ಬೇಡ. ಅದು 2002ರ ಸರಕು, ಅದರ ಬಟನ್ ಮೇಲೆ ಯೂನಿಕೋಡ್ ಕನ್ನಡ ಬರೆದರೆ ಬರೀ ಪ್ರಶ್ನೆ ಚಿಹ್ನೆ ಕಾಣುತ್ತದೆ.

ಉದಾಹರಣೆಗೆ ಬ್ಯಾಡಗಿಯ ಮೆಣಸಿನಕಾಯಿ ದಲಾಲರ ಅಂಗಡಿ ಇಟ್ಟುಕೊಳ್ಳೋಣ. ಕಡ್ಡಿ, ಡಬ್ಬಿ, ಗುಂಟೂರು, ಇತರೆ. ಒಂದೊಂದು ತಳಿಗೆ ಒಂದೊಂದು ಬಟನ್. ಪಟ್ಟಿ ಫೈಲಿನಿಂದ ಬರುತ್ತದೆ, ನಾಳೆ ಐದನೆಯದೂ ಸೇರಬಹುದು. ಹಾಗಾಗಿ ಬಟನ್‌ಗಳನ್ನು ಮೌಸ್‌ನಿಂದ ಎಳೆದು ಇಡಲು ಆಗುವುದಿಲ್ಲ, ಪ್ರೋಗ್ರಾಮ್ ಓಡುವಾಗಲೇ ಹುಟ್ಟಿಸಬೇಕು.

ಹೆಜ್ಜೆ 1: ಜಾಗ ಮಾಡಿಕೊಳ್ಳಿ

ಹೊಸ ಪ್ರಾಜೆಕ್ಟ್ ತೆಗೆಯಿರಿ, ಫಾರ್ಮ್ ಮೇಲೆ ಒಂದು ಪ್ಯಾನೆಲ್ (ಬಟನ್ ಕೂರಿಸುವ ಹಲಗೆ) ಇಡಿ, ಫಾರ್ಮ್‌ನ ಖಾಲಿ ಜಾಗದಲ್ಲಿ ಡಬಲ್ ಕ್ಲಿಕ್ ಮಾಡಿ. ಫಾರ್ಮ್ ಹುಟ್ಟುವಾಗ ಓಡುವ ಫಾರ್ಮ್‌ಕ್ರಿಯೇಟ್ ಪ್ರೊಸೀಜರ್ ತಾನೇ ಬರುತ್ತದೆ. ಅದನ್ನು ಕೈಯಿಂದ ಟೈಪ್ ಮಾಡಬೇಡಿ. ಆಬ್ಜೆಕ್ಟ್ ಇನ್‌ಸ್ಪೆಕ್ಟರ್‌ನಲ್ಲಿ (ಗುಣಗಳ ಪಟ್ಟಿ ತೋರಿಸುವ ಕಿಟಕಿ) ಕೊಂಡಿ ಬೀಳದಿದ್ದರೆ ಅದು ಓಡುವುದೇ ಇಲ್ಲ.

ಹೆಜ್ಜೆ 2: ಬಟನ್ ಹುಟ್ಟಿಸಿ, ಜಾಗ ತೋರಿಸಿ

ಎಲ್ಲರೂ ಎಡವುವುದು ಇಲ್ಲೇ. ಕೋಡ್ ಬರೆಯುವುದು ಆ ಫಾರ್ಮ್‌ಕ್ರಿಯೇಟ್ ಒಳಗೆ. ಓದಲು ಸುಲಭವಾಗಲಿ ಅಂತ ಕೋಡನ್ನು ಕನ್ನಡದಲ್ಲೇ ಬರೆಯುತ್ತೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

ಬಿ := ಟಿಬಟನ್.ಕ್ರಿಯೇಟ್(ಸೆಲ್ಫ್);
ಬಿ.ಪೇರೆಂಟ್ := ಪ್ಯಾನೆಲ್1;

ಬಿ ಅನ್ನುವುದು ಬಟನ್‌ಗೆ ಇಟ್ಟ ವೇರಿಯಬಲ್, ಸೆಲ್ಫ್ ಅಂದರೆ ಈ ಫಾರ್ಮ್. ಮೊದಲ ಸಾಲಿನ ಬ್ರ್ಯಾಕೆಟ್‌ನಲ್ಲಿ ಇರುವುದು ಓನರ್. ಎರಡನೇ ಸಾಲಿನದು ಪೇರೆಂಟ್. ಇವೆರಡನ್ನೂ ಒಂದೇ ಅಂತ ತಿಳಿದವರ ಬಟನ್ ಕಾಣುವುದಿಲ್ಲ. ಮೆಣಸಿನಕಾಯಿ ಚೀಲ ರೈತರದ್ದು, ಇಟ್ಟಿರುವುದು ದಲಾಲರ ಅಂಗಡಿಯಲ್ಲಿ, ಅಲ್ವಾ? ಓನರ್ ಅಂದರೆ ಆ ರೈತ. ಫಾರ್ಮ್ ಮೆಮೊರಿಯಿಂದ ಹೋಗುವಾಗ ತನ್ನ ಹೆಸರಲ್ಲಿರುವ ಬಟನ್‌ಗಳನ್ನೂ ತೆಗೆದುಕೊಂಡು ಹೋಗುತ್ತದೆ, ಅಷ್ಟೇ ಓನರ್‌ನ ಕೆಲಸ. ಬಟನ್ ಪರದೆಯಲ್ಲಿ ಎಲ್ಲಿ ಕೂರಬೇಕು ಅನ್ನುವುದು ಪೇರೆಂಟ್ ಕೆಲಸ. ಬ್ರ್ಯಾಕೆಟ್‌ನಲ್ಲಿ ಪ್ಯಾನೆಲ್1 ಅಂತ ಬರೆದರೂ ಬಟನ್ ಪ್ಯಾನೆಲ್ ಮೇಲೆ ಬರುವುದಿಲ್ಲ. ಪೇರೆಂಟ್ ಸಾಲು ಬೇಕೇ ಬೇಕು.

ಆ ಸಾಲನ್ನು ಕ್ರಿಯೇಟ್ ಆದ ಕೂಡಲೇ ಬರೆಯಿರಿ, ಕೊನೆಗೆ ಬಿಡಬೇಡಿ. ಡೆಲ್ಫಿಯಲ್ಲಿ ಕಾಂಬೋಬಾಕ್ಸ್‌ಗೆ ಪೇರೆಂಟ್ ಕೊಡುವ ಮೊದಲೇ ಐಟಂ ಸೇರಿಸಿದರೆ, ಪೇರೆಂಟ್ ವಿಂಡೋ ಇಲ್ಲ ಅಂತ ಎರರ್ ಬರುತ್ತದೆ. ಮೊದಲಿಂದಲೇ ಈ ಅಭ್ಯಾಸ ಇದ್ದರೆ ಆ ತಲೆನೋವಿಲ್ಲ.

ಇನ್ನೊಂದು ತಪ್ಪು ಜಾಸ್ತಿ ನೋಡುತ್ತೇನೆ. “ಬಿ.ಕ್ರಿಯೇಟ್(ಸೆಲ್ಫ್)” ಅಂತ ಬರೆದುಬಿಡುತ್ತಾರೆ. ಬಿ ಅನ್ನುವುದರಲ್ಲಿ ಇನ್ನೂ ಏನೂ ಇಲ್ಲ, ಬರೀ ಕಸದ ವಿಳಾಸ. ಓಡಿಸಿದ ಕೂಡಲೇ ಸಿಗ್‌ಸೆಗ್‌ವಿ (ತಪ್ಪು ಮೆಮೊರಿ ಮುಟ್ಟಿದ ಎರರ್) ಅಂತ ನಿಂತುಬಿಡುತ್ತದೆ. ಕ್ಲಾಸ್ ಹೆಸರಿನ ಮೇಲೆ ಕ್ರಿಯೇಟ್ ಕರೆದು, ಬಂದದ್ದನ್ನು ಬಿಗೆ ಕೊಡಬೇಕು.

ಲೂಪಿನಲ್ಲಿ ಒಂದೇ ಬಿ ಬಳಸಿ ನಾಲ್ಕೂ ಬಟನ್ ಮಾಡಬಹುದು. ಪ್ರೊಸೀಜರ್ ಮುಗಿದರೆ ಬಟನ್ ಹೋಗುತ್ತದಾ ಅಂತ ಹೆದರಬೇಡಿ, ಬಿ ಬರೀ ವಿಳಾಸ. ಆದರೆ ಜಾಗ ಹೇಳದಿದ್ದರೆ ನಾಲ್ಕೂ ಎಡ ಮೂಲೆಯಲ್ಲಿ ಒಂದರ ಮೇಲೊಂದು ಕೂತು, ಕೊನೆಯದು ಮಾತ್ರ ಕಾಣುತ್ತದೆ. ಲಜಾರಸ್‌ನಲ್ಲಿ ಪ್ಯಾನೆಲ್‌ನ ಚೈಲ್ಡ್‌ಸೈಜಿಂಗ್ ಒಳಗೆ ಲೇಔಟ್ ಆರಿಸಿ, ಒಂದು ಸಾಲಿಗೆ ಎಷ್ಟು ಅಂತ ಕಂಟ್ರೋಲ್ಸ್‌ಪರ್‌ಲೈನ್‌ಗೆ ಕೊಟ್ಟರೆ ಅದೇ ಜೋಡಿಸುತ್ತದೆ. ಲೆಫ್ಟ್, ಟಾಪ್ ಲೆಕ್ಕ ಹಾಕುತ್ತಾ ಕೂರುವುದು ಸುಮ್ನೆ ಶ್ರಮ.

ಹೆಜ್ಜೆ 3: ಕ್ಯಾಪ್ಶನ್, ಟ್ಯಾಗ್

ಬಟನ್ ಮೇಲೆ ಕಾಣುವ ಕ್ಯಾಪ್ಶನ್‌ಗೆ ಕನ್ನಡದಲ್ಲೇ “ಡಬ್ಬಿ” ಅಂತ ಕೊಡಿ. ಕೋಡ್ ಒಳಗಿನ ಹೆಸರಾದ ನೇಮ್‌ಗೆ ಮಾತ್ರ ಕನ್ನಡ ನಡೆಯುವುದಿಲ್ಲ. ನನ್ನ ಕೇಳಿದರೆ ನೇಮ್ ಖಾಲಿ ಬಿಡುವುದೇ ಒಳ್ಳೆಯದು. ಒಂದೇ ಓನರ್ ಕೆಳಗೆ ಒಂದೇ ಹೆಸರು ಎರಡು ಸಲ ಬಂದರೆ ಪ್ರೋಗ್ರಾಮ್ ಜಗಳ ತೆಗೆಯುತ್ತದೆ. ಗುರುತಿಗೆ ಟ್ಯಾಗ್ ಅನ್ನುವ ಸಂಖ್ಯೆಯ ಜಾಗ ಇದೆಯಲ್ಲ, ಅದರಲ್ಲಿ ಪಟ್ಟಿಯ ಸಂಖ್ಯೆ ಇಡಿ.

ಕನ್ನಡ ಅಂದ ಮೇಲೆ ಒಂದು ಮಾತು. ಲಜಾರಸ್‌ನಲ್ಲಿ ಅಕ್ಷರಗಳು ಯುಟಿಎಫ್-8 ರೂಪದಲ್ಲಿ ಇರುತ್ತವೆ. “ಹುಬ್ಬಳ್ಳಿ” ಪದಕ್ಕೆ ಲೆಂತ್ ಕೇಳಿದರೆ 27 ಬರುತ್ತದೆ. ಅಕ್ಷರ, ಒತ್ತು, ಗುಣಿತ ಬಿಡಿಸಿದರೆ 9 ತುಂಡು, ಒಂದೊಂದಕ್ಕೆ 3 ಬೈಟ್. ಅಗಲ ಸಾಲದು ಅಂತ ಕಾಪಿ ಬಳಸಿ ಹೆಸರು ಕತ್ತರಿಸಿದರೆ ಅಕ್ಷರ ನಡುವೆಯೇ ಮುರಿಯುತ್ತದೆ. ಕತ್ತರಿಸಬೇಡಿ, ಬಟನ್ ಅಗಲ ಮಾಡಿ. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ಇದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಹೆಜ್ಜೆ 4: ಒತ್ತಿದರೆ ಏನಾಗಬೇಕು

ಫಾರ್ಮ್‌ನ ಕ್ಲಾಸ್ ಒಳಗೆ ತಳಿಕ್ಲಿಕ್ ಅಂತ ಒಂದು ಪ್ರೊಸೀಜರ್ ಬರೆಯಿರಿ, ಸೆಂಡರ್ ಅನ್ನುವ ಟಿಆಬ್ಜೆಕ್ಟ್ ಅದಕ್ಕೆ ಬರಬೇಕು. ಕ್ಲಾಸಿನ ಹೊರಗೆ ಬರೆದರೆ ಕಂಪೈಲರ್ ಒಪ್ಪುವುದಿಲ್ಲ. ಆಮೇಲೆ:

ಬಿ.ಆನ್‌ಕ್ಲಿಕ್ := @ತಳಿಕ್ಲಿಕ್;

ಆ @ ಚಿಹ್ನೆ ನೋಡಿ. ಡೆಲ್ಫಿ ಉದಾಹರಣೆಗಳಲ್ಲಿ ಅದು ಇರುವುದಿಲ್ಲ. ಲಜಾರಸ್‌ನ ಮಾಮೂಲಿ ಮೋಡ್‌ನಲ್ಲಿ ಅದಿಲ್ಲದಿದ್ದರೆ, ನೀವು ಪ್ರೊಸೀಜರ್ ಕರೆಯುತ್ತಿದ್ದೀರಿ ಅಂತ ಕಂಪೈಲರ್ ತಿಳಿದು, ಪ್ಯಾರಾಮೀಟರ್ ಸಂಖ್ಯೆ ತಪ್ಪು ಅನ್ನುತ್ತದೆ. ಪ್ಯಾರಾಮೀಟರ್ ಹುಡುಕುತ್ತಾ ಸಂಜೆ ಮಾಡುವವರಿದ್ದಾರೆ. ಬೇಕಾಗಿರುವುದು ಒಂದು ಚಿಹ್ನೆ.

ಒಳಗೆ, ಯಾವ ಬಟನ್ ಒತ್ತಿದರು ಅಂತ ಸೆಂಡರ್‌ನಿಂದ ತಿಳಿಯಿರಿ. ಸೆಂಡರ್ ಆ್ಯಸ್ ಟಿಬಟನ್ ಅಂತ ಬರೆದು ಟ್ಯಾಗ್ ಓದಿದರೆ ಮುಗಿಯಿತು. ಕ್ಯಾಪ್ಶನ್ ಹೋಲಿಸಿ ಗುರುತಿಸುವವರ ಪ್ರೋಗ್ರಾಮ್, ಯಾರಾದರೂ “ಡಬ್ಬಿ” ಹೋಗಿ “ಡಬ್ಬಿ ನಂ. 1” ಮಾಡಿದ ದಿನ ಕೈಕೊಡುತ್ತದೆ. ಬಾಕ್ಸಿನಲ್ಲಿ ಬರೆದ ಕ್ವಿಂಟಲ್ ದರ ಓದುವಾಗ ಟ್ರೈಸ್ಟ್ರ್‌ಟುಫ್ಲೋಟ್ ಬಳಸಿ, ಖಾಲಿ ಬಾಕ್ಸಿಗೂ ಪ್ರೋಗ್ರಾಮ್ ಬೀಳುವುದಿಲ್ಲ.

ಹೆಜ್ಜೆ 5: ಹಳೆಯ ಬಟನ್ ತೆಗೆಯುವುದು

ಪಟ್ಟಿ ಬದಲಾದಾಗ ಹಳೆಯವನ್ನು ಅಳಿಸಬೇಕು. ಪ್ಯಾನೆಲ್‌ನ ಕಂಟ್ರೋಲ್ಸ್ (ಅದರ ಮೇಲಿರುವ ಬಟನ್‌ಗಳ ಪಟ್ಟಿ) ಮೇಲೆ 0ಯಿಂದ ಲೂಪ್ ಹಾಕಿ, ಅಳಿಸಲು ಫ್ರೀ ಕರೆದರೆ ಏನಾಗುತ್ತದೆ ನೋಡಿ. ಮೊದಲು ಕಡ್ಡಿ ಹೋಯಿತು. ಡಬ್ಬಿ 0ಗೆ ಜರುಗಿತು, ಗುಂಟೂರು 1ಕ್ಕೆ ಬಂತು. ಲೂಪ್ ಈಗ 1ರಲ್ಲಿದೆ, ಹೋಗುವುದು ಗುಂಟೂರು. ಉಳಿದಿರುವುದು ಎರಡೇ, ಲೂಪ್ 2ನ್ನು ಕೇಳುತ್ತದೆ, ಎರರ್. ಪರದೆ ಮೇಲೆ ಡಬ್ಬಿ, ಇತರೆ ಹಾಗೇ ಕೂತಿರುತ್ತವೆ. ಅದಕ್ಕೇ ಕೊನೆಯಿಂದ ಹಿಂದಕ್ಕೆ ಬನ್ನಿ: ಕಂಟ್ರೋಲ್‌ಕೌಂಟ್‌ನಲ್ಲಿ 1 ಕಳೆದು, ಡೌನ್‌ಟು 0.

ಓನರ್ ಇರುವಾಗ ನಾವೇ ಫ್ರೀ ಮಾಡಬಹುದಾ? ಧಾರಾಳವಾಗಿ. ಬಟನ್ ಹೋಗುವಾಗ ಓನರ್‌ನ ಪಟ್ಟಿಯಿಂದ ತನ್ನ ಹೆಸರು ತೆಗೆಸಿಯೇ ಹೋಗುತ್ತದೆ, ಎರಡು ಸಲ ಅಳಿಸಿದಂತಾಗುವುದಿಲ್ಲ.

ಆದರೆ ಒತ್ತಿದ ಬಟನ್ನನ್ನೇ ಅದರ ಆನ್‌ಕ್ಲಿಕ್ ಒಳಗೆ ಫ್ರೀ ಮಾಡಬೇಡಿ. ನಿಮ್ಮ ಪ್ರೊಸೀಜರ್ ಮುಗಿದ ಮೇಲೂ ಬಟನ್‌ಗೆ ತನ್ನ ಕೆಲಸ ಸ್ವಲ್ಪ ಬಾಕಿ ಇರುತ್ತದೆ, ಹಿಂದಿರುಗಿ ನೋಡಿದರೆ ತಾನೇ ಇಲ್ಲ. ಒಮ್ಮೊಮ್ಮೆ ನಡೆದುಬಿಡುತ್ತದೆ, ಒಮ್ಮೊಮ್ಮೆ ಬೀಳುತ್ತದೆ. ಅದನ್ನು ಮುಚ್ಚಲು ಪ್ರೊಸೆಸ್‌ಮೆಸೇಜಸ್ (ಬಾಕಿ ಇರುವ ಸಂದೇಶಗಳನ್ನು ಅಲ್ಲೇ ನಡೆಸುವ ಕರೆ) ತುರುಕುವ ಅಡ್ಡದಾರಿ ಹಿಡಿಯಲೇಬೇಡಿ, ಗೊಂದಲ ಹೆಚ್ಚುತ್ತದೆ. “ಪಟ್ಟಿ ಹೊಸದು ಮಾಡು” ಅನ್ನುವ ಬಟನ್ ಪ್ಯಾನೆಲ್ ಹೊರಗಿರಲಿ. ಅದು ಆಗದಿದ್ದರೆ ಲಜಾರಸ್‌ನಲ್ಲಿ ಅಪ್ಲಿಕೇಶನ್.ರಿಲೀಸ್‌ಕಾಂಪೊನೆಂಟ್ ಇದೆ. ಕ್ಲಿಕ್ ಪೂರ್ತಿ ಮುಗಿದ ಮೇಲೆ ಅಳಿಸುತ್ತದೆ.

ಚಂದದ ಬಣ್ಣದ ಬಟನ್ ಬೇಕು ಅಂತ ಸೋರ್ಸ್ ಕೋಡ್ ಇಲ್ಲದ ಕಾಂಪೊನೆಂಟ್ ಪ್ಯಾಕೇಜ್ ಹಾಕಬೇಡಿ. ಕಂಪೈಲರ್ ಹೊಸ ಆವೃತ್ತಿಗೆ ಹೋದ ದಿನ ಪ್ರಾಜೆಕ್ಟ್ ತೆರೆಯುವುದೇ ಇಲ್ಲ, ರಿಪೇರಿಗೂ ದಾರಿ ಇರುವುದಿಲ್ಲ.

ಹೆಜ್ಜೆ 6: ಪರೀಕ್ಷೆ

ಪ್ರಾಜೆಕ್ಟ್ ಆಪ್ಶನ್ಸ್‌ನ ಡೀಬಗಿಂಗ್ ಪುಟದಲ್ಲಿ, ಅಳಿಯದೆ ಉಳಿದ ಮೆಮೊರಿ ಹುಡುಕಿ ಹೇಳುವ ಹೀಪ್‌ಟಿಆರ್‌ಸಿ ಆನ್ ಮಾಡಿ. ಪಟ್ಟಿಯನ್ನು ಹಲವು ಸಲ ಬದಲಿಸಿ, ಪ್ರೋಗ್ರಾಮ್ ಮುಚ್ಚಿ. ಬಿಡುಗಡೆಯಾಗದ ಮೆಮೊರಿ ಬ್ಲಾಕ್ 0 ಅಂತ ಬರಬೇಕು. ಬೇರೆ ಸಂಖ್ಯೆ ಬಂದರೆ ಮೊದಲು ತಳಿ ಪಟ್ಟಿಯ ಸ್ಟ್ರಿಂಗ್‌ಲಿಸ್ಟ್ ನೋಡಿ. ಅದಕ್ಕೆ ಓನರ್ ಇರುವುದಿಲ್ಲ, ಫಾರ್ಮ್‌ಡಿಸ್ಟ್ರಾಯ್‌ನಲ್ಲಿ ನೀವೇ ಫ್ರೀ ಮಾಡಬೇಕು. ಅಂಗಡಿಗೆ ಕೊಡುವ ಫೈಲ್ ಮಾಡುವ ಮೊದಲು ಹೀಪ್‌ಟಿಆರ್‌ಸಿ ಆಫ್ ಮಾಡಿ, ಡೀಬಗ್ ಮಾಹಿತಿ ತೆಗೆಸಿ. ಫೈಲಿನ ಗಾತ್ರ ಬಹಳ ಇಳಿಯುತ್ತದೆ.